ಎರಡು ಸೊಲ್ಲುಗಳ ನಡುವೆ

೨೦೧೨ರ ಸೆಪ್ಟೆಂಬರಿನಲ್ಲಿ ಓಪಸ್ ಎಂಬ ಧ್ವನಿ ಸಂಕುಚನ ವಿಧಾನ ಅಂತರಜಾಲದ ಮುಕ್ತ ಮಾನಕವಾಗಿ ಪ್ರಕಟವಾಯಿತು. ಮುಕ್ತ ಅಂದರೆ, ಅದನ್ನು ಯಾರು ಬೇಕಾದರೂ ಬಳಸಬಹುದು, ಯಾರ ಅಪ್ಪಣೆಯೂ ಬೇಕಿಲ್ಲ. ಸಂಕುಚನ ಅಂದರೆ, ದನಿಯಲ್ಲಿ ಕಿವಿಗೆ ಗೊತ್ತಾಗದಂಥದ್ದನ್ನು ಬಿಟ್ಟು, ಗೊತ್ತಾಗುವುದನ್ನು ಮಾತ್ರ ಚಿಕ್ಕದಾಗಿ ಕಟ್ಟಿ ಕಳಿಸುವುದು. ಬಿಟ್ಟದ್ದನ್ನು ಆಮೇಲೆ ಮರಳಿ ಪಡೆಯಲು ಬರುವುದಿಲ್ಲ. ಇವತ್ತು ಇಂಟರ್ನೆಟ್ ಮೂಲಕ ಮಾಡುವ ಕರೆಗಳಲ್ಲಿ ಬಹಳಷ್ಟು ಈ ವಿಧಾನದಲ್ಲೇ ಸಾಗುತ್ತವೆ.

ಆಗ ಹೊಸಪೇಟೆಯಲ್ಲಿ ವರದಿಗಾರನಾಗಿದ್ದ ನನಗೆ ಈ ಸುದ್ದಿ ಗೊತ್ತಾಗಲಿಲ್ಲ. ನಮ್ಮ ಕಡೆ ಗಣಿಗಳ ಸುದ್ದಿ ಬಿಟ್ಟರೆ ಬೇರೆಯದಕ್ಕೆ ಪುಟದಲ್ಲಿ ಜಾಗವೇ ಇರಲಿಲ್ಲ. ಗೊತ್ತಾದದ್ದು ಬಹಳ ವರ್ಷಗಳ ನಂತರ, ಅದೂ ಕಚೇರಿಯ ಕೆಲಸದಿಂದಲ್ಲ, ನಮ್ಮ ಅವ್ವ ಮತ್ತು ದೊಡ್ಡವ್ವ ಮಾತು ಬಿಟ್ಟದ್ದರಿಂದ.

ದೊಡ್ಡವ್ವ ಅವ್ವನ ಒಡಹುಟ್ಟಿದ ಅಕ್ಕ. ಇಬ್ಬರೂ ಕಂಪ್ಲಿಯಲ್ಲಿ ಬೆಳೆದವರು. ಅವರ ತವರುಮನೆಯ ಗೋಡೆಗೆ ಹೊಂದಿಕೊಂಡೇ ಅಕ್ಕಿ ಗಿರಣಿ ಇತ್ತು. ಗಿರಣಿಯ ಅಂಗಳದಲ್ಲಿ ಹೆಂಗಸರು ಮೊರ ಹಿಡಿದು ಅಕ್ಕಿ ಕೇರುತ್ತಿದ್ದರು. ನಮ್ಮ ಅಜ್ಜಿಯೂ ಅವರ ಜೊತೆ ಕೂತು ಸೋಬಾನ ಪದ ಹೇಳುತ್ತಿದ್ದಳಂತೆ. ಎರಡು ಹೆಣ್ಣುಮಕ್ಕಳು ಹಾಡು ಕಲಿತದ್ದು ಅಲ್ಲಿ. ಅವ್ವ ಮದುವೆಯಾಗಿ ಹೊಸಪೇಟೆಯ ಚಿತ್ತವಾಡ್ಗಿಗೆ ಬಂದಳು. ದೊಡ್ಡವ್ವನನ್ನು ಕಂಪ್ಲಿಯಲ್ಲೇ ಕೊಟ್ಟರು. ದೊಡ್ಡಪ್ಪ ತೀರಿಕೊಂಡ ಮೇಲೆ ಅವಳು ಸಂಡೂರಿನ ಹತ್ತಿರದ ಯಶವಂತನಗರಕ್ಕೆ, ಮಗನ ಮನೆಗೆ ಹೋದಳು. ಆ ಮಗ, ನನಗೆ ಅಣ್ಣ, ಗಣಿಯಲ್ಲಿ ಲಾರಿ ತೂಗುವ ಕಾಟಾದಲ್ಲಿ ಕೆಲಸ ಮಾಡುತ್ತಾನೆ.

ಊರು ಬೇರೆಯಾದರೂ ಹಾಡು ಬೇರೆಯಾಗಲಿಲ್ಲ. ನಮ್ಮ ಬಳಗದಲ್ಲಿ ಮದುವೆ ಇರಲಿ, ಬಸುರಿಗೆ ಕುಬಸ ಮಾಡುವುದಿರಲಿ, ಕೂಸನ್ನು ತೊಟ್ಟಿಲಿಗೆ ಹಾಕುವುದಿರಲಿ, ಇಬ್ಬರನ್ನೂ ಕರೆಯುತ್ತಿದ್ದರು. ಒಬ್ಬಳನ್ನೇ ಕರೆದರೆ ಅದು ಕರೆದಂತೆ ಆಗುತ್ತಿರಲಿಲ್ಲ. ಸೋಬಾನ ಒಬ್ಬರು ಹಾಡುವ ಹಾಡಲ್ಲ. ಒಬ್ಬಳು ಸೊಲ್ಲು ಕೊಡುತ್ತಾಳೆ, ಅಂದರೆ ಒಂದು ಸಾಲು ಹೇಳುತ್ತಾಳೆ. ಇನ್ನೊಬ್ಬಳು ಅದನ್ನು ಎತ್ತುತ್ತಾಳೆ. ಎತ್ತುವುದು ಮೊದಲಿನವಳು ಮುಗಿಸಿದ ಮೇಲಲ್ಲ. ಅವಳ ಕೊನೆಯ ಅಕ್ಷರ ಇನ್ನೂ ಎಳೆದುಕೊಂಡು ಹೋಗುತ್ತಿರುವಾಗಲೇ ಎರಡನೆಯವಳ ದನಿ ಏಳಬೇಕು. ಮೊದಲಿನವಳು ಆ ಆಸರೆಯಲ್ಲಿ ಉಸಿರು ತೆಗೆದುಕೊಳ್ಳುತ್ತಾಳೆ. ಗಿರಣಿಯ ಯಂತ್ರದ ಪಟ್ಟಿಯ ಸದ್ದಿನಲ್ಲಿ ಕಲಿತವರು ಹಾಗೆ ಮಾಡಲೇಬೇಕಿತ್ತು ಎಂದು ಅವ್ವ ಹೇಳುತ್ತಿದ್ದಳು. ಹಾಡು ಒಂದು ಚೂರು ನಿಂತರೂ ಆ ಜಾಗಕ್ಕೆ ಗಿರಣಿಯ ಸದ್ದು ಬಂದು ಕೂರುತ್ತಿತ್ತು.

ಎರಡು ದನಿ ಒಟ್ಟಿಗಿರುವ ಆ ಗಳಿಗೆಯನ್ನು ನಮ್ಮ ಮನೆಯ ಹೆಂಗಸರು ‘ಕೂಡು’ ಎನ್ನುತ್ತಿದ್ದರು. ಅವ್ವನಿಗೆ ಹಾಡಿನಲ್ಲಿ ಎಲ್ಲಕ್ಕಿಂತ ಬೇಕಾಗಿದ್ದದ್ದು ಅದು. ಕಾರಣವನ್ನು ಒಮ್ಮೆ ರೊಟ್ಟಿ ಬಡಿಯುತ್ತ ಹೇಳಿದ್ದಳು.

“ಅಕ್ಕಂದೊಂದು ದನಿ, ನಂದೊಂದು ದನಿ. ಎರಡೂ ಕೂಡಿದಾಗ ನಮ್ಮವ್ವನ ದನಿ ಕೇಳತೈತಿ. ಬ್ಯಾರೆ ಎಲ್ಲೂ ಕೇಳಂಗಿಲ್ಲ.”

ಅಜ್ಜಿ ನಾನು ಹುಟ್ಟುವ ಮೊದಲೇ ಹೋಗಿದ್ದಳು. ಅವಳ ದನಿಯನ್ನು ನಾನು ಕೇಳಿಲ್ಲ. ಹೌದೋ ಅಲ್ಲವೋ ಹೇಳಲಾರೆ. ಅವ್ವ ಹಾಗೆ ನಂಬಿದ್ದಳು, ದೊಡ್ಡವ್ವ ಅದನ್ನು ಅಲ್ಲಗಳೆಯಲಿಲ್ಲ. ಇಷ್ಟು ಮಾತ್ರ ನನಗೆ ಗೊತ್ತು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಕೊಟ್ಟ ಸೊಲ್ಲನ್ನು ಎತ್ತದೆ ಸುಮ್ಮನೆ ಕೂರುವುದು ನಮ್ಮ ಹೆಂಗಸರಲ್ಲಿ ಸಿಟ್ಟು ತೋರಿಸುವ ರೀತಿ. ಬೈಯಬೇಕಿಲ್ಲ, ಎದ್ದು ಹೋಗಬೇಕಿಲ್ಲ, ಬಾಯಿ ಮುಚ್ಚಿ ಕೂತರೆ ಸಾಕು. ನಾನು ಚಿಕ್ಕವನಿದ್ದಾಗ ಕಂಪ್ಲಿಯ ಒಂದು ಮದುವೆಯಲ್ಲಿ ಬೀಗಿತಿಯೊಬ್ಬಳಿಗೆ ಅರಿಶಿನ ಕುಂಕುಮ ಕೊಡುವುದು ತಡವಾಯಿತು. ಅವಳು ಹಾಡಿನ ನಡುವೆ ಸೊಲ್ಲು ಎತ್ತಲಿಲ್ಲ. ಊಟದ ಪಂಕ್ತಿ ನಿಲ್ಲಿಸಿ ಹಿರಿಯರು ಅವಳ ಮುಂದೆ ಹೋಗಿ ಕೂತರು. ತೊಟ್ಟಿಲ ಪದದಲ್ಲಂತೂ ಇದು ಇನ್ನೂ ದೊಡ್ಡ ಮಾತು. ಕೂಸಿನ ಮೇಲೆ ಹೇಳುವ ಹಾಡು ನಡುವೆ ತುಂಡಾಗಬಾರದು ಎನ್ನುತ್ತಾರೆ.

ಕೊರೊನಾ ಮುಗಿದ ಮೇಲಿನ ಒಂದು ಬೇಸಿಗೆಯಲ್ಲಿ ಅವ್ವ ಕಣ್ಣಿನ ಪೊರೆ ತೆಗೆಸಿಕೊಂಡಳು. ಧೂಳಿಗೆ ಹೋಗಬೇಡಿ ಎಂದು ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ಯಶವಂತನಗರದಲ್ಲಿ ಅಣ್ಣನ ಎರಡನೆಯ ಕೂಸಿಗೆ ತೊಟ್ಟಿಲು ಕಾರ್ಯ ನಿಗದಿಯಾಯಿತು. ಅಲ್ಲಿಯ ಧೂಳು ಗೊತ್ತಿದ್ದವರಿಗೆ ಹೆಚ್ಚು ಹೇಳಬೇಕಿಲ್ಲ. ಅದಿರಿನ ಲಾರಿಗಳ ದಾರಿಯಲ್ಲಿ ಮರದ ಎಲೆಯೂ ಕೆಂಪು. ಅವ್ವ ಅಕ್ಕನಿಗೆ ಫೋನ್ ಮಾಡಿದಳು.

“ಯಕ್ಕಾ, ಒಂದೀಟು ಮುಂದ ಹಾಕಾಕ ಬರೂದಿಲ್ಲೇನು? ಕಣ್ಣಿನ ಪಟ್ಟಿ ಈಗರ ತಗದಾರ.”

“ಅಯ್ಯನೋರು ದಿನಾ ಹೇಳ್ಯಾರಲೇ. ನಿನ್ನ ಕಣ್ಣು ನೋಡಿ ಕೂಸಿಗೆ ಹೆಸರಿಡಾಕ ಆಗತೈತೇನು?”

“ಹಂಗಾರ ತೊಟ್ಟಿಲ ಪದಕ್ಕ ಯಾರನ್ನ ಕುಂದ್ರಿಸಿಗೊಂತಿ?”

“ಫೋನ್ ಐತಲ್ಲ. ನೀ ಅಲ್ಲೇ ಕುಂದ್ರು, ನಾ ಇಲ್ಲೇ ಕುಂದ್ರತೀನಿ. ನಡುವಿನ ಗುಡ್ಡ ಏನು ಕಿವಿ ಮುಚ್ಚಿಗೊಂಡಾವೇನು?”

ಅವ್ವ ನಕ್ಕಳು. ಫೋನ್ ಇಟ್ಟ ಮೇಲೆ ನನ್ನ ಹೆಂಡತಿಯ ಹತ್ತಿರ, “ನನ್ನ ಒಂದು ಮಾತು ಕೇಳಿ ದಿನಾ ನೋಡಬೇಕಿತ್ತು” ಎಂದಳು. ಬೇಸರದ ಮಾತೇ ಹೊರತು ಸಿಟ್ಟಿನದಲ್ಲ. ಆದರೆ ಆ ಮಾತು ಬಾಯಿಂದ ಬಾಯಿಗೆ ಯಶವಂತನಗರಕ್ಕೆ ಹೋಯಿತು. ಮುಂದೆ ಆದದ್ದಕ್ಕೆ ಅದೂ ಸೇರಿಕೊಂಡಿತು.

ತೊಟ್ಟಿಲು ಕಾರ್ಯದ ದಿನ ನಾನು ಚಿತ್ತವಾಡ್ಗಿಯ ಮನೆಯಲ್ಲಿದ್ದೆ. ಈ ಕಡೆ ಆದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆ ಕಡೆ ಆದದ್ದನ್ನು ಅಣ್ಣ ಆಮೇಲೆ ಹೇಳಿದ. ಅವ್ವ ತಲೆಗೆ ನೀರು ಹಾಕಿಕೊಳ್ಳುವಂತಿರಲಿಲ್ಲ. ಮೈ ತೊಳೆದುಕೊಂಡು, ಇಳಕಲ್ ಸೀರೆ ಉಟ್ಟು, ಕಣ್ಣಾಸ್ಪತ್ರೆಯ ಕಪ್ಪು ಕನ್ನಡಕ ಹಾಕಿಕೊಂಡು ಚಾಪೆಯ ಮೇಲೆ ಕೂತಳು. ಫೋನನ್ನು ಅಕ್ಕಿ ಅಳೆಯುವ ಸೇರಿಗೆ ಒರಗಿಸಿ ಸ್ಪೀಕರ್ ಹಾಕಿದೆವು. ಪರದೆಯಲ್ಲಿ ತೊಟ್ಟಿಲು, ಹೆಂಗಸರ ಕೈಬಳೆ, ದೊಡ್ಡವ್ವನ ಅರ್ಧ ಮುಖ ಕಾಣುತ್ತಿತ್ತು.

ದೊಡ್ಡವ್ವ ಸೊಲ್ಲು ಕೊಟ್ಟಳು. ಅವ್ವ ಯಾವತ್ತಿನಂತೆ ಕೊನೆಯ ಅಕ್ಷರದಲ್ಲಿ ದನಿ ಸೇರಿಸಿದಳು. ಸೇರಿಸಿದ ಕೂಡಲೇ ಫೋನಿನಲ್ಲಿ ಅಕ್ಕನ ದನಿ ಕತ್ತರಿಸಿದಂತೆ ನಿಂತಿತು. ಅಕ್ಕ ಯಾಕೋ ನಿಲ್ಲಿಸಿದಳು ಎಂದುಕೊಂಡು ಅವ್ವನೂ ನಿಲ್ಲಿಸಿದಳು. ನಿಲ್ಲಿಸಿದೊಡನೆ ಅತ್ತಲಿಂದ ಮತ್ತೆ ದನಿ ಬಂತು, ನಡುವಿನಿಂದ. ಅವ್ವ ಮತ್ತೆ ಎತ್ತಿದಳು, ಅದು ಮತ್ತೆ ನಿಂತಿತು. ಹೀಗೇ ಕೆಲವು ಸಲ ಆದ ಮೇಲೆ ಅವ್ವ ಕಣ್ಣು ಮುಚ್ಚಿ, ಅತ್ತಲಿಂದ ಏನು ಬಂದರೂ ಬಾರದಿದ್ದರೂ, ತನ್ನ ಪಾಲಿನ ಸೊಲ್ಲುಗಳನ್ನು ಕೊನೆಯವರೆಗೆ ಎತ್ತುತ್ತ ಹೋದಳು. ಒಂದನ್ನೂ ಬಿಡಲಿಲ್ಲ.

ಯಶವಂತನಗರದಲ್ಲಿ ಕೇಳಿದ್ದು ಬೇರೆ. ದೊಡ್ಡವ್ವ ಕೊನೆಯ ಅಕ್ಷರವನ್ನು ಎಳೆದು ಹಿಡಿದು ತಂಗಿಗಾಗಿ ಕಾದಳು. ಫೋನು ಸುಮ್ಮನಿತ್ತು. ಉಸಿರು ಮುಗಿಯುವವರೆಗೆ ಹಿಡಿದಳು. ಆಮೇಲೆ ಫೋನಿನಿಂದ ಸೊಲ್ಲಿನ ಬಾಲ ಮಾತ್ರ ಬಂತು. ಮತ್ತೆ ಕೊಟ್ಟಳು, ಮತ್ತೆ ಅದೇ. ಕೂತ ಹೆಂಗಸರಲ್ಲಿ ಒಬ್ಬಾಕೆ, “ಯಾಕ, ತಂಗಿ ಎತ್ತವಲ್ಲಳು? ಏನರ ಮಾತು ಬಂದೈತೇನು?” ಎಂದಳಂತೆ. ಕೂಸು ಅಳತೊಡಗಿತು. ದೊಡ್ಡವ್ವ ಎರಡೂ ಸೊಲ್ಲುಗಳನ್ನು ಒಬ್ಬಳೇ ಹೇಳಿ ಹಾಡು ಮುಗಿಸಿದಳು.

ಕರೆ ಮುಗಿದಾಗ ಯಾರೂ ಬರ್ತೀನಿ ಹೋಗ್ತೀನಿ ಅನ್ನಲಿಲ್ಲ. ಅವ್ವ ಕನ್ನಡಕ ತೆಗೆದು, “ನನ್ನ ದನಿ ಎದ್ದಕೂಡ್ಲೆ ಅಕ್ಕ ಬಾಯಿ ಮುಚ್ಚತಾಳ, ನಾ ಬಿಟ್ರ ಮ್ಯಾಲೆ ಹಾಯತಾಳ. ಮಂದಿ ಮುಂದ ಹಿಂಗ ಮಾಡತಾರೇನು?” ಎಂದಳು. ಅತ್ತ ದೊಡ್ಡವ್ವ ಅಣ್ಣನಿಗೆ, “ದಿನಾ ಮುಂದ ಹಾಕಲಿಲ್ಲಂತ ಕೂಸಿನ ತೊಟ್ಟಿಲ ಮ್ಯಾಲೆ ಸಿಟ್ಟು ತೀರಿಸ್ಕೊಂಡ್ಲು” ಎಂದಳಂತೆ.

ಮರುದಿನ ಅಣ್ಣ ಕಂಪನಿ ಬಸ್ಸಿನವರ ಕೈಯಲ್ಲಿ ತೊಟ್ಟಿಲಿನ ಗುಗ್ಗರಿ ಕಳಿಸಿದ. ಅವ್ವ ಅದನ್ನು ಬಾಯಿಗೆ ಹಾಕದೆ ಪಕ್ಕದ ಮನೆಗೆ ಕೊಟ್ಟಳು. ಡಬ್ಬಿಯನ್ನು ತೊಳೆದು ಖಾಲಿಯಾಗಿಯೇ ವಾಪಸ್ ಕಳಿಸಿದಳು. ನಮ್ಮಲ್ಲಿ ಬಂದ ಪಾತ್ರೆಯನ್ನು ಖಾಲಿ ಕಳಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಆ ಡಬ್ಬಿ ಯಶವಂತನಗರ ಮುಟ್ಟಿದ ಮೇಲೆ ಅಕ್ಕತಂಗಿಯರ ಮಾತು ನಿಂತಿತು. ಮಳೆಗಾಲ ಹೋಯಿತು, ದೀಪಾವಳಿಯೂ ಹೋಯಿತು. ಬಳಗದಲ್ಲಿ ಒಂದು ಕುಬಸವಾಯಿತು, ಇಬ್ಬರನ್ನೂ ಕರೆದರು. ಇಬ್ಬರೂ ಮೈಯಲ್ಲಿ ಹುಷಾರಿಲ್ಲ ಎಂದರು.

ನನಗೆ ಅನುಮಾನ ಬಂದದ್ದು ಕಚೇರಿಯ ಒಂದು ಆನ್‌ಲೈನ್ ಸಭೆಯಲ್ಲಿ. ಇಬ್ಬರು ವರದಿಗಾರರು ಒಟ್ಟಿಗೆ ಮಾತಾಡಿದಾಗ ಒಬ್ಬರದು ಮಾತ್ರ ಕೇಳುತ್ತಿತ್ತು. ಜೋರು ದನಿಯವರದು ಉಳಿಯುತ್ತಿತ್ತು, ಮೆಲ್ಲಗೆ ಮಾತಾಡುವವರದು ಅಳಿಸಿಹೋಗುತ್ತಿತ್ತು. ಮನೆಗೆ ಬಂದು ಒಂದು ಫೋನನ್ನು ಹೆಂಡತಿಯ ಕೈಗೆ ಕೊಟ್ಟು ಮಾಳಿಗೆಗೆ ಕಳಿಸಿದೆ. ಇನ್ನೊಂದನ್ನು ನಾನು ಅಡುಗೆಮನೆಯಲ್ಲಿ ಸ್ಪೀಕರಿಗೆ ಹಾಕಿ, ಇಬ್ಬರೂ ಒಟ್ಟಿಗೆ ಎಣಿಸೋಣ ಎಂದೆ. ಎಣಿಸಿ ಕೆಳಗಿಳಿದು ಬಂದವಳಿಗೆ, ನಾನು ಎಣಿಸುವಾಗ ನಿನ್ನದು ಕೇಳಲಿಲ್ಲ ಎಂದೆ. ಅವಳು ಹೇಳಿದಳು:

“ನೀವು ಸುಮ್ಮನಿದ್ರ ನಂದು ಕೇಳತೈತಿ. ನೀವು ಬಾಯಿ ತಗದ್ರ ನಂದು ಇಲ್ಲ. ಇದಕ್ಕೇನು ಮಾಳಿಗಿ ಹತ್ತಬೇಕಿತ್ತೇನ್ರಿ?”

ಆಮೇಲೆ ಓದಿದೆ. ಒಂದು ಸುದ್ದಿಯನ್ನು ಖಚಿತ ಮಾಡಿಕೊಳ್ಳುವಷ್ಟು ಓದಿದೆ. ಓಪಸ್ ಎಂಬ ಹೆಸರು ಎದುರಾದದ್ದು ಆಗ. ಅದರ ಒಳಗೆ ಎರಡು ಬಗೆಗಳಿವೆ, ಮಾತಿಗೊಂದು, ಸಂಗೀತಕ್ಕೊಂದು. ದನಿಯನ್ನು ಅದು ಸಾಮಾನ್ಯವಾಗಿ ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಚಿಕ್ಕ ತುಂಡುಗಳಾಗಿ ಕಟ್ಟಿ ಕಳಿಸುತ್ತದೆ. ಬೇಕಾದರೆ ಇನ್ನೂ ಚಿಕ್ಕದಾಗಿ ಕಟ್ಟಬಲ್ಲದು. ಬೇರೆ ಬೇರೆ ಊರುಗಳಲ್ಲಿ ಕೂತವರು ಒಟ್ಟಿಗೆ ನುಡಿಸುವಂತಾಗಬೇಕು ಎಂಬುದೂ ಅದನ್ನು ರೂಪಿಸಿದವರ ಯೋಚನೆಯಲ್ಲಿತ್ತು. ಅಂದರೆ ತಪ್ಪು ಅದರದ್ದಲ್ಲ. ಸ್ಪೀಕರ್ ಹಾಕಿದಾಗ ಅತ್ತಲಿಂದ ಬಂದ ದನಿ ಇತ್ತಲಿನ ಮೈಕಿಗೆ ಹೋಗಿ ಪ್ರತಿಧ್ವನಿಯಾಗಿ ಹಿಂದಿರುಗದಿರಲಿ ಎಂದು ಫೋನು ಬೇರೊಂದು ಏರ್ಪಾಡು ಮಾಡಿಕೊಂಡಿರುತ್ತದೆ. ಎರಡೂ ಕಡೆ ಒಟ್ಟಿಗೆ ದನಿ ಎದ್ದರೆ ಒಂದನ್ನು ಅದುಮುತ್ತದೆ. ಅದರ ಮೇಲೆ ನೆಟ್‌ವರ್ಕಿನ ದಾರಿಯಲ್ಲಿ ಆಗುವ ತಡ ಬೇರೆ. ಮಾತುಕತೆಗೆ ಇದರಿಂದ ತೊಂದರೆಯಿಲ್ಲ. ಮಾತಿನಲ್ಲಿ ಒಬ್ಬರು ಹೇಳುತ್ತಾರೆ, ಒಬ್ಬರು ಕೇಳುತ್ತಾರೆ. ಇಬ್ಬರೂ ಒಂದೇ ಸಲಕ್ಕೆ ದನಿ ಎತ್ತುವುದು ಜಗಳದಲ್ಲಿ. ನಮ್ಮ ಮನೆಯ ಹಾಡಿನಲ್ಲೂ ಎತ್ತುತ್ತಾರೆ ಎಂಬುದು ಫೋನು ತಯಾರಿಸಿದವರಿಗೆ ಗೊತ್ತಿರಲು ಸಾಧ್ಯವಿರಲಿಲ್ಲ.

ಅವ್ವನಿಗೆ ಹೇಳಿದೆ. “ಫೋನಿನ ಮ್ಯಾಲೆ ಹಾಕಿ ಅಕ್ಕನ್ನ ಉಳಿಸಬ್ಯಾಡ” ಎಂದಳು.

ಲಾರಿ ದಾರಿಯ ಬಗ್ಗೆ ವರದಿ ಮಾಡಲು ಯಶವಂತನಗರಕ್ಕೆ ಹೋಗುವುದಿತ್ತು. ಕೆಲಸ ಮುಗಿಸಿ ಅಣ್ಣನ ಮನೆಗೆ ಹೋದೆ. ದೊಡ್ಡವ್ವ ಹೊಸ್ತಿಲ ಒಳಗೆ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು.

“ಯಾಕ್ ಬಂದಿ ತಮ್ಮಾ? ನಿಮ್ಮವ್ವ ಕಳಿಸ್ಯಾಳೇನು?”

“ಇಲ್ಲ ದೊಡ್ಡವ್ವಾ, ಪೇಪರ್ ಕೆಲಸಕ್ಕ ಬಂದಿದ್ದೆ.”

“ಪೇಪರಿನೋರು ಖರೇ ಎಲ್ಲಿ ಹೇಳತಾರ ಬಿಡು. ಕುಂದ್ರು, ಚಾ ಕುಡಿ.”

ಚಹಾ ಕುಡಿದು ಅವಳ ಫೋನನ್ನೇ ಎದುರಿಗಿಟ್ಟು, ಸ್ಪೀಕರ್ ಹಾಕಿ ನನ್ನ ಹೆಂಡತಿಗೆ ಕರೆ ಮಾಡಿದೆ. ಇಬ್ಬರೂ ಒಟ್ಟಿಗೆ ಒಂದರಿಂದ ಹತ್ತರವರೆಗೆ ಎಣಿಸಿರಿ ಎಂದೆ. ಹುಡುಗಾಟ ಎಂದುಕೊಂಡೇ ದೊಡ್ಡವ್ವ ಜೋರಾಗಿ ಎಣಿಸಿದಳು. ಹತ್ತು ಹೇಳಿ ಮುಗಿದ ಮೇಲೆ ಫೋನಿನಿಂದ ಒಂದು ‘ಹತ್ತು’ ಮಾತ್ರ ಬಂತು.

“ಉಳಿದದ್ದು ಎಲ್ಲಿ ನುಂಗಿದಳು ನಿನ್ನ ಹೇಣ್ತಿ?”

“ದೊಡ್ಡವ್ವಾರ, ನಾ ಎಲ್ಲಾ ಎಣಿಸೀನ್ರಿ” ಎಂದಳು ನನ್ನ ಹೆಂಡತಿ. “ನಿಮ್ಮವೇ ನಮಗ ಪೂರಾ ಕೇಳಲಿಲ್ಲ.”

ದೊಡ್ಡವ್ವ ಮೆಣಸಿನಕಾಯಿ ಕೆಳಗಿಟ್ಟಳು. ಮತ್ತೊಮ್ಮೆ ಎಣಿಸಿದಳು, ಈ ಸಲ ಮೆಲ್ಲಗೆ. ಫೋನಿನಿಂದ ಎಣಿಕೆ ಒಂದಷ್ಟು ಹೆಚ್ಚು ಬಂತು. ಅವಳು ನನ್ನ ಕಡೆ ನೋಡಿದಳು.

“ಹಂಗಂದ್ರ ಅವತ್ತು ಆಕಿ ಎತ್ತಿದ್ಲೇನು?”

“ಎತ್ತಿದ್ಲು. ನಾ ಅಲ್ಲೇ ಕುಂತಿದ್ದೆ.”

“ಎಲ್ಲಾ ಸೊಲ್ಲು?”

“ಮೊದಲು ಎರಡು ಮೂರು ಕಡೆ ತಡವರಿಸಿದ್ಲು. ಆಮ್ಯಾಲೆ ಒಂದೂ ಬಿಡಲಿಲ್ಲ.”

ಅವಳು ಫೋನಿನತ್ತ ಗದ್ದ ಎತ್ತಿ, “ಈ ಡಬ್ಬಿ ನನ್ನ ಬಾಯಿ ಮುಚ್ಚಿಸ್ತೇನು? ನಿಮ್ಮ ದೊಡ್ಡಪ್ಪಗ ಆಗಲಿಲ್ಲ ಅದು” ಎಂದಳು.

ಅತ್ತ ಕಡೆ ನನ್ನ ಹೆಂಡತಿ ಫೋನನ್ನು ಅವ್ವನ ಕೈಗೆ ಕೊಟ್ಟಿದ್ದಳು. “ಅಕ್ಕಾ” ಎಂಬ ಒಂದು ಮಾತು ಬಂತು.

“ಡಬ್ಬಿ ಖಾಲಿ ಕಳಿಸಿದ್ದಿಯಲ್ಲೇ.”

“ನಿನ್ನ ಗುಗ್ಗರಿಗೆ ಉಪ್ಪಿರಲಿಲ್ಲ ಅಂದ್ಲು ಪಕ್ಕದ ಮನಿಯಾಕಿ.”

“ತಿನ್ನಲಾರದಾಕಿ ನೀನು, ಉಪ್ಪಿನ ಸುದ್ದಿ ನಿನಗ್ಯಾಕ?”

ಮಾತು ಅಲ್ಲಿಂದ ಮತ್ತೆ ಶುರುವಾಯಿತು. ಅಣ್ಣ ಪಾಳಿ ಮುಗಿಸಿ ಬಂದಾಗ ಇಬ್ಬರೂ ಹಾಡಲು ಕೂತು ಮತ್ತೆ ಅದೇ ತೊಡಕಿನಲ್ಲಿದ್ದರು. ಒಬ್ಬಳು ಎತ್ತಿದರೆ ಇನ್ನೊಬ್ಬಳು ಮುಳುಗುತ್ತಿದ್ದಳು. ಅಣ್ಣ ಹೆಲ್ಮೆಟ್ ತೆಗೆದಿಟ್ಟು ದಾರಿ ಹೇಳಿದ.

“ಯವ್ವಾ, ಕಾಟಾದಾಗ ನಾವು ವಾಕಿಟಾಕಿ ಹಿಡೀತೀವಲ್ಲ, ಹಂಗ ಮಾಡ್ರಿ. ಒಬ್ಬ ಪೂರಾ ಮುಗಿಸಿ ‘ಓವರ್’ ಅನ್ನಬೇಕು. ಆಮ್ಯಾಲೇ ಇನ್ನೊಬ್ಬ. ಇಲ್ಲಾಂದ್ರ ಲಾರಿ ಮ್ಯಾಲೆ ಲಾರಿ ಬರತಾವ.”

“ಸೋಬಾನಕ್ಕ ಓವರ್ ಅನ್ನಬೇಕೇನ್ಲೇ?”

“ಅನ್ನಬ್ಯಾಡ ಬಿಡು. ಆಕಿ ಮುಗಿಸಿದ್ಲು ಅಂತ ಗ್ಯಾರಂಟಿ ಆದ ಮ್ಯಾಲೆ ಒಂದು ಉಸಿರು ತಡದು ಎತ್ತು.”

ಹಾಗೇ ಮಾಡಿದರು. ಮೊದಲ ಸಲಕ್ಕೆ ಹಾಡು ಒಂದು ತುದಿಯಿಂದ ಇನ್ನೊಂದು ತುದಿಗೆ ತುಂಡಾಗದೆ ಮುಟ್ಟಿತು. ಸೊಲ್ಲುಗಳೆಲ್ಲ ಇದ್ದವು, ಒಂದೂ ಬಿದ್ದಿರಲಿಲ್ಲ. ನಮಗೆಲ್ಲ ಸಮಾಧಾನವಾಯಿತು. ಅಣ್ಣನ ಉಪಾಯ ಒಳ್ಳೆಯದು ಎಂದು ನಾನೂ ಹೇಳಿದೆ.

ಅಂದಿನಿಂದ ಸೋಮವಾರ ಸೋಮವಾರ ಪೂಜೆ ಮುಗಿದ ಮೇಲೆ ಫೋನಿನಲ್ಲಿ ಹಾಡುವುದು ರೂಢಿಯಾಯಿತು. ಶುರುವಿನಲ್ಲಿ ಅವ್ವ ಅಕ್ಕನನ್ನು ಕಾಡಿಸಲು ಸೊಲ್ಲಿನ ಕೊನೆಗೆ “ಓವರ್” ಎನ್ನುತ್ತಿದ್ದಳು. ದೊಡ್ಡವ್ವ ಅತ್ತಲಿಂದ ಬೈಯುತ್ತಿದ್ದಳು. ನನ್ನ ಮಗಳು ಅವ್ವನ ಪಕ್ಕದಲ್ಲಿ, ಅಣ್ಣನ ಹಿರಿಯ ಮಗಳು ದೊಡ್ಡವ್ವನ ಪಕ್ಕದಲ್ಲಿ ಕೂರತೊಡಗಿದರು. ಮದುವೆಮನೆಯ ಚಾಪೆಯ ಮೇಲೆ ಕೂತು ಕಲಿಯದ ಹುಡುಗಿಯರು ಫೋನಿನ ಎದುರು ಕೂತು ಕಲಿತರು. ಇದು ಒಳ್ಳೆಯ ಸಂಗತಿ ಎಂದೇ ಎಲ್ಲರೂ ಅಂದುಕೊಂಡೆವು. ಈಗಲೂ ಅದನ್ನು ಕೆಟ್ಟದ್ದು ಎನ್ನಲಾರೆ. ಆದರೆ ಒಂದು ಸೋಮವಾರ ಕರೆ ಮುಗಿದ ಮೇಲೆ ಅವ್ವ, “ಪದ ಬಂತು, ಕೂಡು ಬರವಲ್ದು” ಎಂದಳು.

“ಇಬ್ಬರೂ ಒಂದ ಕಡೆ ಕುಂತಾಗ ಬರತೈತಿ ಬಿಡವ್ವಾ” ಎಂದೆ. ಹಾಗೆಂದು ನಂಬಿದ್ದೆ.

ಇಬ್ಬರೂ ಒಂದೆಡೆ ಕೂತದ್ದು ಹಂಪಿಯಲ್ಲಿ, ಬಳಗದವರ ಒಂದು ಮದುವೆಯಲ್ಲಿ. ಅಷ್ಟು ಹೊತ್ತಿಗೆ ಸೋಮವಾರದ ಹಾಡಿಗೆ ವರ್ಷ ದಾಟಿತ್ತು. ಕಲ್ಯಾಣ ಮಂಟಪದ ಒಂದು ಮೂಲೆಯಲ್ಲಿ ಚಾಪೆ ಹಾಸಿ, ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಅರಿಶಿನದ ಶಾಸ್ತ್ರ ನಡೆದಿತ್ತು. ದೊಡ್ಡವ್ವ ಸೊಲ್ಲು ಕೊಟ್ಟಳು. ಕೊನೆಯ ಅಕ್ಷರ ಎಳೆದು ನಿಂತಿತು. ಅವ್ವ ಎತ್ತಲಿಲ್ಲ. ಒಂದು ಉಸಿರು ತಡೆದು, ಆಮೇಲೆ ಎತ್ತಿದಳು. ನಡುವಿನ ಆ ಖಾಲಿಯಲ್ಲಿ ಚಾವಣಿಯ ತಗಡಿನ ಮೇಲೆ ಮಂಗ ಓಡಿದ ಸದ್ದು ಕೇಳಿತು.

ಅವ್ವನಿಗೂ ಗೊತ್ತಾಯಿತು ಎಂದು ಅವಳ ಮುಖ ನೋಡಿ ತಿಳಿಯಿತು. ಮುಂದಿನ ಸೊಲ್ಲಿಗೆ ಅವಳು ಹಳೆಯ ರೀತಿಯಲ್ಲಿ, ಅಕ್ಕನ ದನಿ ಇನ್ನೂ ಇರುವಾಗಲೇ ಎತ್ತಿದಳು. ದೊಡ್ಡವ್ವ ಅಕ್ಷರದ ನಡುವೆಯೇ ನಿಲ್ಲಿಸಿ, ಅವ್ವನ ಮೊಣಕಾಲಿನ ಮೇಲೆ ಕೈಯಿಟ್ಟಳು.

“ತಡಿಲೇ, ಮುಗಿಸ್ತೀನಿ.”

“ಎದುರಿಗೇ ಕುಂತೀಯಲ್ಲಕ್ಕಾ, ಇನ್ನ್ಯಾಕ ತಡೀಬೇಕು?”

ದೊಡ್ಡವ್ವ ತನ್ನ ಕೈಯನ್ನೇ ನೋಡಿಕೊಂಡಳು. “ಹೌದಲ್ಲ” ಎಂದಳು. ಇಬ್ಬರೂ ನಕ್ಕರು. ಸುತ್ತ ಕೂತವರೂ ನಕ್ಕರು. ಮತ್ತೆ ಮೊದಲಿನಿಂದ ಶುರು ಮಾಡಿದರು. ಈ ಸಲ ಅವ್ವ ಬೇಗ ಎತ್ತಿದಳು, ದೊಡ್ಡವ್ವ ಗಾಬರಿಯಾಗಿ ಬೇಗ ಬಿಟ್ಟಳು. ಮುಂದಿನ ಸಲ ದೊಡ್ಡವ್ವ ಹಿಡಿದುಕೊಂಡಳು, ಅವ್ವ ತಡಮಾಡಿದಳು. ಎಲ್ಲಿ ಸೇರಬೇಕು ಎಂದು ಯೋಚಿಸಿ ಸೇರುವ ಜಾಗ ಅದಾಗಿರಲಿಲ್ಲ. ಯೋಚಿಸಿದಾಗಲೆಲ್ಲ ತಪ್ಪಿತು. “ಮುತ್ತೈದೇರು ಕಾಯಾಕತ್ತಾರ, ನಡೀಲಿ” ಎಂದು ಯಾರೋ ಅಂದರು. ಉಳಿದ ಪದಗಳನ್ನು ಸೋಮವಾರದ ರೀತಿಯಲ್ಲೇ ಹಾಡಿದರು.

ಹೊಸಪೇಟೆಗೆ ಮರಳುವಾಗ ಅವ್ವ ಆಟೋದಲ್ಲಿ ಅಂಚಿಗೆ ಕೂತಿದ್ದಳು. ಕಮಲಾಪುರದ ಕೆರೆ ದಾಟಿದ ಮೇಲೆ, “ಅಕ್ಕನ ದನಿ ಮೊದಲಿನಂಗೇ ಐತಿ. ನಂದೂ ಐತಿ” ಎಂದಳು.

ಆಮೇಲೆ ನಾನು ಅವರಿಬ್ಬರ ಹಾಡಿನ ಹಳೆಯ ದಾಖಲೆ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಸಿಕ್ಕಿದ್ದು ಒಂದೇ, ನನ್ನ ಮದುವೆಯ ವಿಡಿಯೋ. ಅದರಲ್ಲಿ ಇಬ್ಬರೂ ಹಾಡುವ ದೃಶ್ಯ ಸಾಕಷ್ಟು ಹೊತ್ತು ಇದೆ. ಆದರೆ ಆ ಕಾಲದ ಎಲ್ಲ ವಿಡಿಯೋದವರಂತೆ ನಮ್ಮವನೂ ಮೂಲ ದನಿಯನ್ನು ತೆಗೆದು ಅದರ ಮೇಲೆ ಸಿನಿಮಾ ಹಾಡು ಹಾಕಿದ್ದಾನೆ. ಮೂಲ ಟೇಪು ಉಳಿದಿಲ್ಲ, ಅದರ ಮೇಲೆ ಬೇರೆ ಮದುವೆ ತುಂಬಿದೆ ಎಂದು ಸ್ಟುಡಿಯೋದವನು ಹೇಳಿದ. ದನಿಯಿಲ್ಲದ ಆ ದೃಶ್ಯವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಪ್ರತಿ ಸೊಲ್ಲಿನ ಕೊನೆಯಲ್ಲೂ ದೊಡ್ಡವ್ವನ ಬಾಯಿ ಮುಚ್ಚುವ ಮೊದಲು ಅವ್ವನ ಬಾಯಿ ತೆರೆಯುತ್ತದೆ. ಒಂದು ಗಳಿಗೆ ಎರಡೂ ಬಾಯಿ ತೆರೆದಿರುತ್ತವೆ. ಕೂಡು ಇತ್ತು ಎಂಬುದಕ್ಕೆ ನನ್ನ ಹತ್ತಿರ ಇರುವ ಸಾಕ್ಷ್ಯ ಇಷ್ಟೇ.

ಸೋಮವಾರದ ಹಾಡುಗಳ ದಾಖಲೆಗೆ ಕೊರತೆಯಿಲ್ಲ. ಹುಡುಗಿಯರು ಅವನ್ನು ತಮ್ಮ ಫೋನಿನಲ್ಲಿ ತುಂಬಿಟ್ಟುಕೊಂಡಿದ್ದಾರೆ. ಚಿಕ್ಕ ಚಿಕ್ಕ ಫೈಲುಗಳು, ಜಾಗ ಹಿಡಿಯುವುದಿಲ್ಲ, ಪದಗಳು ಸ್ಪಷ್ಟವಾಗಿ ಕೇಳುತ್ತವೆ. ಒಂದರಲ್ಲೂ ಎರಡು ದನಿ ಒಟ್ಟಿಗಿಲ್ಲ.

ಈಚೆಗೆ ಕೆಲವು ಕರೆಯ ಆ್ಯಪ್‌ಗಳಲ್ಲಿ ಸಂಗೀತಕ್ಕಾಗಿ ಬೇರೆ ವ್ಯವಸ್ಥೆ ಬಂದಿದೆ. ಇಯರ್‌ಫೋನ್ ಹಾಕಿ ಅದನ್ನು ಚಾಲೂ ಮಾಡಿದರೆ ಫೋನು ಯಾರ ದನಿಯನ್ನೂ ಅದುಮುವುದಿಲ್ಲ. ತಡ ಮಾತ್ರ ಸ್ವಲ್ಪ ಉಳಿಯುತ್ತದೆ. ಎರಡೂ ಮನೆಗಳಲ್ಲಿ ನಾನೇ ಹೊಂದಿಸಿ ಕೊಟ್ಟೆ. ಇಬ್ಬರೂ ಕಿವಿಗೆ ವೈರು ಹಾಕಿಕೊಂಡು ಹಾಡಿದರು, ಒಬ್ಬಳು ಮುಗಿಸಿದ ಮೇಲೆ ಇನ್ನೊಬ್ಬಳು. ಈಗ ಒಟ್ಟಿಗೆ ಎತ್ತಬಹುದು ಎಂದೆ.

“ಬ್ಯಾಡ ಬಿಡಪಾ” ಎಂದಳು ದೊಡ್ಡವ್ವ. “ಈಗ ಚೊಲೋ ನಡದೈತಿ. ಮತ್ತ ಹೊಡದಾಡೋದು ಬ್ಯಾಡ.”

ಅವ್ವ ವೈರನ್ನು ಕಿವಿಯಿಂದ ತೆಗೆದು ಸುತ್ತಿ ನನ್ನ ಕೈಗೆ ಕೊಟ್ಟಳು. ಸೋಮವಾರದ ಹಾಡು ಮೊದಲಿನಂತೆ ಸ್ಪೀಕರಿನಲ್ಲೇ ನಡೆದಿದೆ.

ಕಳೆದ ತಿಂಗಳು ಸಂಡೂರಿನಲ್ಲಿ ಬಳಗದ ಮನೆಯೊಂದರಲ್ಲಿ ಕುಬಸವಿತ್ತು. ಅವ್ವ ಮತ್ತು ದೊಡ್ಡವ್ವ ಈಗ ಕೆಳಗೆ ಕೂರಲಾರರು. ಇಬ್ಬರಿಗೂ ಗೋಡೆಯ ಪಕ್ಕ ಕುರ್ಚಿ ಹಾಕಿದ್ದರು. ಬಸುರಿಯ ಎದುರು ಚಾಪೆಯ ಮೇಲೆ ಕೂತು ಹಾಡಿದವರು ನನ್ನ ಮಗಳು ಮತ್ತು ಅಣ್ಣನ ಮಗಳು. ಬಹಿರಂಗವಾಗಿ ಹಾಡಿದ್ದು ಅವರಿಗೆ ಅದೇ ಮೊದಲು. ಒಂದು ಕಡೆ ಪದ ತಪ್ಪಿದಾಗ ದೊಡ್ಡವ್ವ ಕುರ್ಚಿಯಿಂದಲೇ ತಿದ್ದಿದಳು. ಅವ್ವ ಮೊಣಕಾಲಿನ ಮೇಲೆ ಬೆರಳು ತಟ್ಟುತ್ತಿದ್ದಳು. ಕೂತ ಹೆಂಗಸರು ಮಸ್ತ್ ಹಾಡಿದ್ರಿ ಎಂದು ಹುಡುಗಿಯರ ಗದ್ದ ಮುಟ್ಟಿದರು. ಅವರು ಪೂರ್ತಿ ಹಾಡಿದರು. ಒಂದು ಸೊಲ್ಲು ಮುಗಿದು ಇನ್ನೊಂದು ಏಳುವ ನಡುವೆ ಪ್ರತಿ ಸಲವೂ ಮೇಲಿನ ಫ್ಯಾನಿನ ಸದ್ದು ಕೇಳಿಸಿತು.